ನಕ್ಷೆಯಲ್ಲಿ ಯಾರಿಗೂ ನೆಗಡಿ ಇಲ್ಲ

ಕಚೇರಿ ಸರಿಯಾಗಿ ನಡೆಯುವ ಜಾಗ ಜಗತ್ತಿನಲ್ಲಿ ಒಂದೇ. ಅದು ಕಚೇರಿಯ ಕೆಲಸವನ್ನು ಸಾಫ್ಟ್‌ವೇರಿಗೆ ಇಳಿಸಲು ಬರುವ ಸಿಸ್ಟಮ್ ಅನಲಿಸ್ಟ್ ಬರೆದ ನಕ್ಷೆ. ಅಲ್ಲಿ ಅರ್ಜಿ ಬರುತ್ತದೆ, ಪರಿಶೀಲನೆ ಆಗುತ್ತದೆ, ಸಹಿ ಬೀಳುತ್ತದೆ, ಕಡತ ಮುಚ್ಚುತ್ತದೆ. ಯಾರಿಗೂ ನೆಗಡಿ ಇಲ್ಲ. ಯಾರೂ ರಜೆ ಹಾಕಿಲ್ಲ. 'ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ, ಆಮೇಲೆ ಬನ್ನಿ' ಅನ್ನುವ ಚೌಕವಂತೂ ಇಲ್ಲವೇ ಇಲ್ಲ.

ಕಚೇರಿಯನ್ನು ನಕ್ಷೆಗಿಳಿಸುವ ಈ ಚಟ ಹಳೆಯದು. 1962ರಲ್ಲಿ ಜರ್ಮನಿಯ ಕಾರ್ಲ್ ಆಡಮ್ ಪೆಟ್ರಿ ತಮ್ಮ ಪ್ರಬಂಧದಲ್ಲಿ ಯಾವ ಘಟನೆಯಿಂದ ಯಾವುದು ನಡೆಯುತ್ತದೆ ಎಂದು ತೋರಿಸುವ ಒಂದು ಗಣಿತದ ಬಲೆ ಹೆಣೆದರು. ಪಾಪ, ಗುಮಾಸ್ತರನ್ನು ಹಿಡಿಯುವ ಉದ್ದೇಶ ಅವರಿಗಿರಲಿಲ್ಲ. 1977ರಲ್ಲಿ ಮೈಕೆಲ್ ಜಿಸ್ಮನ್ ಎಂಬ ಸಂಶೋಧಕರು ಅದೇ ಬಲೆಯನ್ನು ಕಚೇರಿಯ ಮೇಲೆ ಬೀಸಿದರು. 1979ರಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಿಂದ ಕ್ಲಾರೆನ್ಸ್ ಎಲ್ಲಿಸ್ ಅವರ 'ಇನ್ಫರ್ಮೇಶನ್ ಕಂಟ್ರೋಲ್ ನೆಟ್' ಬಂತು. ಕೆಲಸಕ್ಕೊಂದು ವೃತ್ತ, ಮಾಹಿತಿ ಇಡುವ ಜಾಗಕ್ಕೊಂದು ಚೌಕ, ನಡುವೆ ಗೆರೆ. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಇದೆ. ಯಾವ ಕೆಲಸ ಒಟ್ಟಿಗೆ ನಡೆಯಬಹುದು, ಯಾವುದು ಕಾಯಬೇಕು ಎಂದು ಲೆಕ್ಕ ಹಾಕಬಹುದು. ವೃತ್ತದೊಳಗೆ ಕೂತವರು ಅಲುಗಾಡಬಾರದು, ಅಷ್ಟೇ.

ಅದೇ ಜೆರಾಕ್ಸ್‌ನಲ್ಲಿ ಲೂಸಿ ಸಚ್‌ಮನ್ ಎಂಬ ಮಾನವಶಾಸ್ತ್ರಜ್ಞೆ ಒಂದು ಕಿತಾಪತಿ ಮಾಡಿದರು. ಕಚೇರಿಯಲ್ಲಿ ಏನು ನಡೆಯುತ್ತದೆ ಅಂತ ಕೂತು ನೋಡಿಬಿಟ್ಟರು! ಲೆಕ್ಕಪತ್ರ ವಿಭಾಗದಲ್ಲಿ ಒಂದು ಬಿಲ್ ಬಾಕಿ, ಕಡತದ ಕಾಗದಗಳು ಅಪೂರ್ಣ. ಇಬ್ಬರು ಸೇರಿ ಏನಾಗಿರಬಹುದು ಎಂದು ಮಾತಾಡುತ್ತಾ, ಇದ್ದ ಕಾಗದಗಳನ್ನು ತಿರುವಿ ಹಾಕುತ್ತಾ ಗಂಟು ಬಿಡಿಸುತ್ತಿದ್ದರು. 1983ರಲ್ಲಿ ಸಚ್‌ಮನ್ ಬರೆದದ್ದರ ತಾತ್ಪರ್ಯ ಇಷ್ಟು: ನಿಯಮ ತಾನಾಗಿ ಕೆಲಸ ಮಾಡಿಸುವುದಿಲ್ಲ. ಎಲ್ಲವೂ ನಿಯಮದಂತೆ ನಡೆಯಿತು ಎಂದು ಕಡತ ಕೊನೆಗೆ ಹೇಳಬೇಕಲ್ಲ, ಹಾಗೆ ಹೇಳಿಸುವುದೂ ಗುಮಾಸ್ತರ ಕೆಲಸವೇ.

ಇದನ್ನು ಓದಿ ನಕ್ಷೆಯವರು ನಾಚಿಕೊಂಡರೇ? ಚಿಹ್ನೆಗಳನ್ನು ಜಾಸ್ತಿ ಮಾಡಿದರು. ಕೆಲಸದ ನಕ್ಷೆ ಬರೆಯುವ ಚಿಹ್ನೆಗಳ ಪದ್ಧತಿಯೊಂದಕ್ಕೆ ಬಿಪಿಎಂಎನ್ ಎಂದು ಹೆಸರು; 2011ರ ಅದರ 2.0 ಆವೃತ್ತಿಯ ವಿವರಣೆ 500 ಪುಟ ದಾಟುತ್ತದೆ. ಕಾಯುವುದಕ್ಕೆ ಗಡಿಯಾರ, ಪತ್ರಕ್ಕೆ ಲಕೋಟೆ, ತಪ್ಪಾದರೆ ಸಿಡಿಲು. ಸಾಹೇಬರು ಇನ್ನೂ ಬಂದಿಲ್ಲ ಎನ್ನುವುದನ್ನು ಈಗ ವೃತ್ತದೊಳಗಿನ ಗಡಿಯಾರವಾಗಿ ಬರೆಯಬಹುದು. ಸಾಹೇಬರು ಮಾತ್ರ ಇನ್ನೂ ಬಂದಿಲ್ಲ.

ಇಂಥ ನಕ್ಷೆಯಿಂದ ಸಾಫ್ಟ್‌ವೇರ್ ಹುಟ್ಟುತ್ತದೆ. ಕೆಂಪು ನಕ್ಷತ್ರ ಇರುವ ಕಾಲಂ ತುಂಬದಿದ್ದರೆ ಅದು ಮುಂದಕ್ಕೇ ಬಿಡುವುದಿಲ್ಲ. ಗೊತ್ತಿಲ್ಲದವರು ಅಲ್ಲೊಂದು ಚುಕ್ಕಿ ಇಡುತ್ತಾರೆ. ಸಾಫ್ಟ್‌ವೇರ್‌ಗೆ ಪರಮಾನಂದ. ಅಸಲಿ ಕೆಲಸ ಫೋನಿನಲ್ಲಿ ಸೋಮವಾರವೇ ಮುಗಿದಿರುತ್ತದೆ. ಗುರುವಾರ ಪುರುಸೊತ್ತಾದಾಗ ಅರ್ಜಿ, ಪರಿಶೀಲನೆ, ಅನುಮೋದನೆ ಮೂರನ್ನೂ ಒಬ್ಬರೇ ಕೂತು ಒಂದೇ ಉಸಿರಿಗೆ ಕ್ಲಿಕ್ ಮಾಡುತ್ತಾರೆ. ವರದಿಯಲ್ಲಿ ಎಲ್ಲವೂ ಹಸಿರು. 'ಅನುಮೋದನೆಯ ವೇಗ ಅದ್ಭುತ' ಎಂದು ಮೇಲಿನವರು ಚಪ್ಪಾಳೆ ತಟ್ಟುತ್ತಾರೆ.

ಆಮೇಲೆ ಅನಲಿಸ್ಟ್ ಮತ್ತೆ ಬರುತ್ತಾರೆ. ಮೇಜಿನ ಮೇಲೆ ಬೇರೊಂದು ಎಕ್ಸೆಲ್ ತೆರೆದಿರುತ್ತದೆ.

"ಇದೇನು ಮೇಡಂ?"

"ಇದು ಕೆಲಸ ಮಾಡೋಕೆ ಸರ್. ನಿಮ್ಮದು ತೋರಿಸೋಕೆ."

ಅನಲಿಸ್ಟ್ ತಲೆಯಾಡಿಸಿ ಬರೆದುಕೊಳ್ಳುತ್ತಾರೆ. ಮುಂದಿನ ಆವೃತ್ತಿಯಲ್ಲಿ ಎಕ್ಸೆಲ್ ತೆರೆಯುವುದಕ್ಕೂ ಒಂದು ಅರ್ಜಿ, ಎರಡು ಅನುಮೋದನೆ.