ಸ್ಪಷ್ಟನೆ: ‘ಸೀಸರ್ಸ್ ಕ್ಯಾಂಪ್’ ಸೀಸರ್ ಕಟ್ಟಿದ್ದಲ್ಲ

ಇಂಗ್ಲೆಂಡಿನ ಬ್ರಾಕ್‌ನೆಲ್ ಬಳಿಯ ‘ಸೀಸರ್ಸ್ ಕ್ಯಾಂಪ್’ ಗುಡ್ಡಕೋಟೆಯನ್ನು ಕ್ರಿ.ಪೂ. 55ರಲ್ಲಿ ಜೂಲಿಯಸ್ ಸೀಸರ್ ಕಟ್ಟಿಸಿದನೆಂಬ ಸಂದೇಶ ಹರಿದಾಡುತ್ತಿದೆ. ಅದು ತಪ್ಪು. ಆ ವರ್ಷ ಆತ ಆಗ್ನೇಯ ಇಂಗ್ಲೆಂಡಿನ ಕೆಂಟ್ ಕರಾವಳಿ ಬಿಟ್ಟು ಒಳನಾಡಿಗೆ ಬಂದೇ ಇರಲಿಲ್ಲ.

ಇದು ಸ್ಥಳೀಯರು ಕಟ್ಟಿದ ಕಬ್ಬಿಣಯುಗದ ಕೋಟೆ. ಆಕಾರವೇ ಸಾಕ್ಷಿ: ರೋಮನ್ ಸೇನಾ ಶಿಬಿರಕ್ಕೆ ಸಾಮಾನ್ಯವಾಗಿ ನೇರ ಬದಿಗಳು, ದುಂಡು ಮೂಲೆಗಳು. ಇಲ್ಲಿ ಮಣ್ಣಿನ ದಿಬ್ಬ, ಕಂದಕ ಎರಡೂ ಗುಡ್ಡದ ಅಂಚನ್ನೇ ಹಿಡಿದು ಸಾಗುತ್ತವೆ. ಹಾಗಾಗಿ ನಕ್ಷೆಯಲ್ಲಿ ಓಕ್ ಎಲೆಯಂತೆ ಕಾಣುತ್ತದೆ. ಸೀಸರನ ಹೆಸರು ಅಂಟಿದ್ದು ಬಹಳ ತಡವಾಗಿ. ವಿಂಬಲ್ಡನ್‌ನ ಕೋಟೆಗೂ ಇದೇ ಹೆಸರಿದೆ, ಪಾಪ ಸೀಸರ್!

ಇಂಥ ಕೋಟೆಗಳನ್ನು ಪ್ಯಾರಿಷ್‌ವಾರು (ಪ್ಯಾರಿಷ್ ಎಂದರೆ ಅಲ್ಲಿನ ಊರಮಟ್ಟದ ಆಡಳಿತ ಘಟಕ) ದಾಖಲಿಸುವವರು ನಕ್ಷೆಯಲ್ಲಿರುವ ಹೆಸರು, ಕಟ್ಟಿದ ಕಾಲ ಎರಡನ್ನೂ ಬೇರೆ ಬೇರೆ ಅಂಕಣದಲ್ಲಿ ಬರೆಯಿರಿ. ಹೆಸರು ನೋಡಿ ಕಾಲ ತುಂಬಿದರೆ ಇಂಥದ್ದೇ ಎಡವಟ್ಟು. ದಿಬ್ಬ-ಕಂದಕ ಎಷ್ಟು ಸುತ್ತು, ಬಾಗಿಲು ಯಾವ ದಿಕ್ಕಿಗೆ, ಗ್ರಿಡ್ ಸಂಖ್ಯೆ (ನಕ್ಷೆಯಲ್ಲಿ ಜಾಗ ಗುರುತಿಸುವ ಸಂಖ್ಯೆ) ಏನು ಎಂಬುದೂ ಇರಲಿ.

ದಯವಿಟ್ಟು ಆ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ.