ಸೈತಾನನ ವಕಾಲತ್ತು

‘ಸುಮ್ನೆ ಡೆವಿಲ್ಸ್ ಅಡ್ವೊಕೇಟ್ ಆಗಿ ಕೇಳ್ತಿದೀನಿ ಅಷ್ಟೆ’ ಎಂದು ಯಾರಾದರೂ ಗಂಟಲು ಸರಿಮಾಡಿಕೊಂಡರೆ ಸಭೆ ಇನ್ನು ಮುಕ್ಕಾಲು ಗಂಟೆ ಏಳುವುದಿಲ್ಲ ಎಂದೇ ಲೆಕ್ಕ. ಡೆವಿಲ್ಸ್ ಅಡ್ವೊಕೇಟ್ ಅಂದರೆ ಸೈತಾನನ ವಕೀಲ, ತನಗೆ ನಂಬಿಕೆ ಇಲ್ಲದಿದ್ದರೂ ವಾದಕ್ಕೆಂದೇ ಎದುರು ಪಕ್ಷ ಹಿಡಿಯುವವನು. ಅಪಾರ್ಟ್‌ಮೆಂಟ್ ಸಂಘದಲ್ಲಿ ಲಿಫ್ಟ್ ನಿರ್ವಹಣೆಗೆ ಮೂರು ಕೊಟೇಶನ್ ಬಂದಿರುತ್ತವೆ. ವಾರದ ಹಿಂದೆಯೇ ಗ್ರೂಪಿಗೆ ಪಿಡಿಎಫ್ ಹಾಕಿರುತ್ತಾರೆ. ಅದನ್ನು ತೆರೆದೂ ನೋಡದ ಮಹಾಶಯರು ಎದ್ದು, ‘ಅಲ್ಲ, ಲಿಫ್ಟೇ ಯಾಕೆ ಬೇಕು ಅಂತ?’ ಎನ್ನುತ್ತಾರೆ. ಆರನೇ ಮಹಡಿಯ ಅಜ್ಜಿ ತಿರುಗಿಬಿದ್ದರೆ, ‘ಅಯ್ಯೋ, ನನ್ನ ಅಭಿಪ್ರಾಯ ಅಲ್ಲಮ್ಮ ಅದು’ ಎಂದು ಕೂತುಬಿಡುತ್ತಾರೆ. ಹೇಳಿದ್ದು ಸೈತಾನ, ಇವರು ಬರೀ ವಕೀಲರು.

ಅಸಲಿ ಸೈತಾನನ ವಕೀಲನಿಗೆ ಈ ಸವಲತ್ತು ಇರಲಿಲ್ಲ. ಅದು ರೋಮಿನ ಕ್ಯಾಥೊಲಿಕ್ ಚರ್ಚಿನ ಹುದ್ದೆ. ಕಡತದಲ್ಲಿ ‘ವಿಶ್ವಾಸದ ಪ್ರವರ್ತಕ’ ಎಂಬ ಗಂಭೀರ ಹೆಸರು, ಜನರ ಬಾಯಲ್ಲಿ ಸೈತಾನನ ವಕೀಲ. ತೀರಿಕೊಂಡವರೊಬ್ಬರನ್ನು ಸಂತರೆಂದು ಸಾರಬೇಕು ಅಂತ ಅಹವಾಲು ಬಂದರೆ, ಬೇಡ ಎನ್ನಲು ಕಾರಣ ಹುಡುಕುವುದು ಅವನ ಕೆಲಸ. ಅವರು ಬರೆದ ಪತ್ರ, ಸಾಕ್ಷಿಗಳ ಹೇಳಿಕೆ, ಎಲ್ಲ ಓದಬೇಕು. ಆಕ್ಷೇಪವನ್ನು ಬರವಣಿಗೆಯಲ್ಲಿ ಕೊಡಬೇಕು. ಅದಕ್ಕೆ ಎದುರು ವಕೀಲರ ಉತ್ತರವೂ ಬರವಣಿಗೆಯಲ್ಲೇ. ‘ಸುಮ್ನೆ ಕೇಳ್ದೆ’ ಎನ್ನುವ ಹಾಗಿಲ್ಲ.

ಈ ಕುರ್ಚಿಯಲ್ಲಿ 1708ರಿಂದ 1728ರವರೆಗೆ ಪ್ರೊಸ್ಪೆರೊ ಲ್ಯಾಂಬರ್ಟಿನಿ ಎಂಬಾತ ಕೂತಿದ್ದ. ಸಂತರೆನ್ನಲು ಪುರಾವೆಯಾಗಿ ಬೇಕಾದ ಪವಾಡಗಳಿಗೆ ಇಪ್ಪತ್ತು ವರ್ಷ ಅಡ್ಡಗಾಲು ಹಾಕಿದ ಈತ 1740ರಲ್ಲಿ ತಾನೇ ಪೋಪ್ ಆದ, ಹದಿನಾಲ್ಕನೆಯ ಬೆನೆಡಿಕ್ಟ್. ಕಾಯಿಲೆ ವಾಸಿಯಾದದ್ದು ಪವಾಡ ಹೌದೋ ಅಲ್ಲವೋ ಎಂದು ತೂಗಲು ಅವನು ಹಾಕಿಕೊಟ್ಟ ಷರತ್ತುಗಳು ಈಗಲೂ ಚಲಾವಣೆಯಲ್ಲಿವೆ. ಕಾಯಿಲೆ ಭಾರಿಯಾಗಿರಬೇಕು, ನೆಗಡಿಗೆ ಸಂತರು ಬೇಕಿಲ್ಲ. ತಾನಾಗಿಯೇ ಇಳಿಯುವ ಹಂತದಲ್ಲಿ ಇರಬಾರದು. ಔಷಧ ಕೊಟ್ಟಿರಬಾರದು, ಕೊಟ್ಟಿದ್ದರೆ ಅದು ನಾಟಿರಬಾರದು. ಗುಣವಾಗುವುದು ಥಟ್ಟನೆ ಆಗಬೇಕು, ಪೂರ್ತಿ ಆಗಬೇಕು, ಮತ್ತೆ ಮರುಕಳಿಸಬಾರದು. ಇವುಗಳಲ್ಲಿ ಇಂದು ಎಲ್ಲರನ್ನೂ ಸುಸ್ತು ಹೊಡೆಸುವುದು ಔಷಧದ ಷರತ್ತು. ಆಸ್ಪತ್ರೆಗೆ ಹೋಗಿದ್ದರೆ ಕೀರ್ತಿ ಡಾಕ್ಟರಿಗೆ ಹೋಗುತ್ತದೆ. ಹೋಗದಿದ್ದರೆ ಕಾಯಿಲೆ ಇತ್ತು ಎನ್ನುವುದಕ್ಕೇ ಕಾಗದ ಇರುವುದಿಲ್ಲ.

ಚರ್ಚಿನ 2016ರ ನಿಯಮಗಳಂತೆ, ಇಂಥ ಪವಾಡಗಳನ್ನು ಪರಿಶೀಲಿಸುವ ವೈದ್ಯ ಮಂಡಳಿಯಲ್ಲಿ ಏಳು ಜನ ಕೂತರೆ ಐವರು, ಆರು ಜನ ಕೂತರೆ ನಾಲ್ವರು ‘ಇದಕ್ಕೆ ವಿಜ್ಞಾನದಲ್ಲಿ ವಿವರಣೆ ಇಲ್ಲ’ ಎನ್ನಬೇಕು. ಒಂದೇ ಪ್ರಕರಣವನ್ನು ಮೂರು ಸಲಕ್ಕಿಂತ ಹೆಚ್ಚು ಪರಿಶೀಲಿಸುವಂತಿಲ್ಲ. ತಜ್ಞರ ಸಂಭಾವನೆ ಬ್ಯಾಂಕ್ ಮೂಲಕವೇ ಸಂದಾಯ. ಪವಾಡಕ್ಕೂ ನಗದು ವ್ಯವಹಾರ ಬೇಡ ಎಂದು ಅವರಿಗೆ ಹೊಳೆಯಿತಲ್ಲ, ನಮ್ಮ ಎಷ್ಟೋ ಸಂಘಗಳಿಗೆ ಇನ್ನೂ ಹೊಳೆದಿಲ್ಲ.

ಇಷ್ಟೆಲ್ಲ ಬಂದೋಬಸ್ತಿನ ನಡುವೆ ವಕೀಲನೇ ಸೊರಗಿಹೋದ. 1983ರ ಜನವರಿಯಲ್ಲಿ ಎರಡನೆಯ ಜಾನ್ ಪಾಲ್ ಇಡೀ ವಿಧಾನವನ್ನೇ ಬದಲಿಸಿ ಅವನ ಹಲ್ಲು ಕಿತ್ತರು. ಆ ಪೋಪರ ಕಾಲದಲ್ಲಿ ಸಂತರಾದವರು 482 ಮಂದಿ. ಎದುರು ವಕೀಲ ಇಲ್ಲದ ಕೋರ್ಟಿನಲ್ಲಿ ಕೇಸು ಬೇಗ ಮುಗಿಯುತ್ತದೆ ಎಂದರೆ ಅದು ಕುಹಕವಾದೀತು, ಆದರೂ ಆಗಲಿ.

ನಮ್ಮ ಕರಾವಳಿಗೂ ಇದರ ನಂಟಿದೆ. ಮಂಗಳೂರಿನ ಸುತ್ತ 1681ರಿಂದ 1684ರವರೆಗೆ ದುಡಿದು, ಮುಂದೆ ಸಿಂಹಳಕ್ಕೆ ಹೋಗಿ 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡ ಗೋವೆಯ ಪಾದ್ರಿ ಜೋಸೆಫ್ ವಾಜ್ ಸಂತರಾದದ್ದು 2015ರಲ್ಲಿ, ಕೊಲಂಬೊದಲ್ಲಿ. ವಾಡಿಕೆಯಂತೆ ಬೇಕಿದ್ದ ಎರಡನೆಯ ಪವಾಡಕ್ಕೆ ಪೋಪ್ ಫ್ರಾನ್ಸಿಸ್ ವಿನಾಯಿತಿ ಕೊಟ್ಟರು. ಹಳೆಯ ವಕೀಲ ಇದ್ದಿದ್ದರೆ ಮೇಜು ಗುದ್ದುತ್ತಿದ್ದ. ಮಂಗಳೂರಿನ ಬಳಿ ವಾಜ್ ಅವರ ಕ್ಷೇತ್ರವಿರುವ ಮುಡಿಪುವಿಗೆ ನಡೆದು ಬರುವ ಭಕ್ತರು ಮಾತ್ರ ಈ ಲೆಕ್ಕಕ್ಕೆ ತಲೆ ಕೆಡಿಸಿಕೊಂಡವರಲ್ಲ. ಅವರ ಪಾಲಿಗೆ ವಾಜ್ ಎಂದೋ ಸಂತರು.

ಅಂದಹಾಗೆ ಸ್ಕಾಟ್ಲೆಂಡಿನಲ್ಲಿ ಕತೆ ತಿರುಗುಮುರುಗು. ಅಲ್ಲಿ ವಕೀಲನಿಗೇ ಸೈತಾನ ಇರುತ್ತಾನೆ: ಹಿರಿಯ ಅಡ್ವೊಕೇಟ್ ಹತ್ತಿರ ಕೆಲಸ ಕಲಿಯಲು ಸೇರಿದ ಕಿರಿಯನನ್ನು ‘ಡೆವಿಲ್’ ಎಂದೇ ಕರೆಯುತ್ತಾರೆ, ಹಿರಿಯನನ್ನು ‘ಡೆವಿಲ್‌ಮಾಸ್ಟರ್’. ಕಿರಿಯ ಕಡತ ಓದಬೇಕು, ಕರಡು ಬರೆಯಬೇಕು, ಕೋರ್ಟಿಗೆ ಹಿಂದಿಂದೆ ಹೋಗಬೇಕು. ತಿಂಗಳುಗಟ್ಟಲೆ, ಸಂಬಳ ಇಲ್ಲದೆ.