ಪದಕ್ಕಿಷ್ಟು ಅಂತ ರೇಟ್ ಕೊಡಬೇಡಿ

ಮುಂಬೈ ಲೋವರ್ ಪರೇಲಿನ ಜಾಹೀರಾತು ಏಜೆನ್ಸಿಗಳಿಂದ ಕನ್ನಡ ಅಡಾಪ್ಟೇಶನ್, ಅಂದರೆ ಇಂಗ್ಲಿಷ್ ಜಾಹೀರಾತನ್ನು ಕನ್ನಡಕ್ಕೆ ಒಗ್ಗಿಸುವ ಕೆಲಸ ಬಂದರೆ ಮೊದಲ ಪ್ರಶ್ನೆ ಒಂದೇ: ಪರ್ ವರ್ಡ್ ಎಷ್ಟು? ಡೊಂಬಿವಲಿ, ಮುಲುಂಡ್, ಅಂಧೇರಿಯಲ್ಲಿ ಕೂತು ಬರೆಯುವ ನಮ್ಮ ಫ್ರೀಲಾನ್ಸರ್‌ಗಳು ಥಟ್ಟನೆ ಒಂದು ಅಂಕಿ ಹೇಳಿಬಿಡುತ್ತಾರೆ. ನಷ್ಟ ಅಲ್ಲೇ ಶುರು. ಕನ್ನಡದಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ಇಂಗ್ಲಿಷಿನ 100 ಪದ ಇಲ್ಲಿ ಸುಮಾರು 75ಕ್ಕೆ ಇಳಿಯುತ್ತದೆ. ಬಿಗಿಯಾಗಿ ಬರೆದರೆ ಇನ್ನೂ ಕಡಿಮೆ. ಅಂದರೆ ಚೆನ್ನಾಗಿ ಬರೆದವರಿಗೇ ದಂಡ! ಹೋರ್ಡಿಂಗಿನ ಐದು ಪದದ ಸಾಲಿಗೆ ಏನಂತ ಬಿಲ್ ಮಾಡುತ್ತೀರಿ?

ರೇಟ್ ಕೆಲಸಕ್ಕೆ ಇರಲಿ. ಕೊಟೇಶನ್‌ನಲ್ಲಿ ಬಿಡಿಸಿ ಬರೆಯಿರಿ: ಹೆಡ್‌ಲೈನಿಗೆ ಮೂರು ಆಯ್ಕೆ, ಬಾಡಿ ಕಾಪಿ (ಅದರ ಕೆಳಗಿನ ಬರಹ), ಎರಡು ಸುತ್ತು ತಿದ್ದುಪಡಿ, ಆರ್ಟ್‌ವರ್ಕ್ ಒಮ್ಮೆ ನೋಡಿಕೊಡುವುದು. ಬ್ರೀಫೇ (ಏನು ಬರೆಯಬೇಕು ಅಂತ ಕ್ಲೈಂಟ್ ಕೊಟ್ಟ ಸೂಚನೆ) ಬದಲಾದರೆ ಅದು ತಿದ್ದುಪಡಿಯಲ್ಲ, ಹೊಸ ಕೆಲಸ. ಈ ಒಂದು ವಾಕ್ಯ ಇಲ್ಲದ ಕೊಟೇಶನ್ ಕಳಿಸಲೇಬೇಡಿ.

ಎಲ್ಲರೂ ಪುಕ್ಕಟೆ ಮಾಡಿಕೊಡುವ ಕೆಲಸ ಬ್ಯಾಕ್ ಟ್ರಾನ್ಸ್‌ಲೇಶನ್. ಬ್ರ್ಯಾಂಡ್ ಮ್ಯಾನೇಜರ್‌ಗೆ ಕನ್ನಡ ಓದಲು ಬರುವುದಿಲ್ಲ, ಹಾಗಾಗಿ ಪ್ರತಿ ಸಾಲಿನ ಅರ್ಥ ಇಂಗ್ಲಿಷಿನಲ್ಲಿ ಬೇಕು. ಅದನ್ನು ಪದಶಃ ಮಾಡಿಕೊಟ್ಟರೆ 'ಒರಿಜಿನಲ್ ಜೊತೆ ಮ್ಯಾಚ್ ಆಗ್ತಿಲ್ಲ' ಅಂತ ಮೇಲ್ ಬರುವುದು ಗ್ಯಾರಂಟಿ. ಸ್ಪ್ರೆಡ್‌ಶೀಟಿನಲ್ಲಿ ನಾಲ್ಕು ಕಾಲಂ ಮಾಡಿ: ಮೂಲ, ಕನ್ನಡ, ಓದುಗನಿಗೆ ದಾಟುವ ಅರ್ಥ, ಬದಲಿಸಿದ್ದೇಕೆ. ನಾಲ್ಕನೇ ಕಾಲಂ ತುಂಬಿಸಲು ಸೋಮಾರಿತನ ಮಾಡಿದರೆ ಆಮೇಲೆ ಅಷ್ಟನ್ನೂ ಫೋನಿನಲ್ಲಿ ವಿವರಿಸಬೇಕಾಗುತ್ತದೆ. ಇದಕ್ಕೆ ಬೇರೆ ಸಾಲು ಹಾಕಿ ಬಿಲ್ ಮಾಡಿ.

ಬರೆಯುವ ಮೊದಲೇ 'ನಂ. 1', 'ಎರಡು ಪಟ್ಟು ಬಿಳುಪು' ಇಂಥ ಮಾತಿಗೆ ಆಧಾರ ಕೇಳಿ. ನಾಳೆ ಜಾಹೀರಾತು ಉದ್ಯಮದ ಸ್ವನಿಯಂತ್ರಣ ಸಂಸ್ಥೆ ಎಎಸ್‌ಸಿಐಗೆ ದೂರು ಹೋದರೆ ಜಾಹೀರಾತುದಾರ ಪುರಾವೆ ತೋರಿಸಬೇಕು. ಕನ್ನಡಕ್ಕೆ ತರುವಾಗ 'ಸಹಾಯ ಮಾಡುತ್ತದೆ' ಇದ್ದದ್ದು 'ಗುಣಪಡಿಸುತ್ತದೆ' ಆಯಿತೋ, ತಲೆನೋವು ನಿಮ್ಮದೂ ಹೌದು.

ರೇಡಿಯೋ ಸ್ಪಾಟಿಗೆ ಪದವಲ್ಲ, ಸೆಕೆಂಡು ಮುಖ್ಯ. 30 ಸೆಕೆಂಡಿಗೆ ಇಂಗ್ಲಿಷಿನಲ್ಲಿ 70 ಪದ ಹಿಡಿಸಿದರೆ ಕನ್ನಡದಲ್ಲಿ 45-50ಕ್ಕೇ ಉಸಿರು ಕಟ್ಟುತ್ತದೆ, ನಮ್ಮ ಪದಗಳು ಅಷ್ಟು ಉದ್ದ. ಕೊನೆಯ ಜಿಂಗಲ್‌ಗೆ ಮೂರು ಸೆಕೆಂಡು ಕಳೆಯಿರಿ. ಮ್ಯೂಚುವಲ್ ಫಂಡ್ ಆದರೆ ಎಚ್ಚರಿಕೆಯ ಸಾಲಿಗೆ ಕನಿಷ್ಠ 5 ಸೆಕೆಂಡು ಎತ್ತಿಡಿ. ಸ್ಟಾಪ್‌ವಾಚ್ ಹಿಡಿದು ಜೋರಾಗಿ ಓದಿ. ಮನಸ್ಸಿನಲ್ಲೇ ಓದಿದ್ದು ಯಾವಾಗಲೂ ಬೇಗ ಮುಗಿಯುತ್ತದೆ. ಟಿವಿ ಡಬ್ಬಿಂಗ್ ಆದರೆ ಕ್ಲೋಸಪ್‌ನಲ್ಲಿ ಪ, ಬ, ಮ ಎಲ್ಲಿ ಬರುತ್ತವೆ ನೋಡಿಕೊಳ್ಳಿ. ತುಟಿ ಮುಚ್ಚುವ ಜಾಗದಲ್ಲಿ ತುಟಿ ಮುಚ್ಚುವ ಅಕ್ಷರವೇ ಬೇಕು, ಉಳಿದ ಕಡೆ ಸ್ವಲ್ಪ ಹೆಚ್ಚುಕಮ್ಮಿ ನಡೆಯುತ್ತದೆ.

ಎಸ್ಸೆಮ್ಮೆಸ್ ಇನ್ನೂ ಜಿಪುಣ. ಇಂಗ್ಲಿಷಿಗೆ 160 ಅಕ್ಷರ, ಕನ್ನಡಕ್ಕೆ 70. ಅದನ್ನು ದಾಟಿದರೆ ಒಂದೊಂದು ಭಾಗಕ್ಕೆ 67, ಕ್ಲೈಂಟಿಗೆ ಖರ್ಚು ಡಬಲ್. 'ಸ್ತ್ರೀ' ಕಣ್ಣಿಗೆ ಒಂದೇ ಅಕ್ಷರ, ಯಂತ್ರದ ಲೆಕ್ಕದಲ್ಲಿ ಆರು! ಮೇಲಾಗಿ ಟೆಲಿಕಾಂ ನಿಯಂತ್ರಕ ಟ್ರಾಯ್ ನಿಯಮದಂತೆ ಟೆಂಪ್ಲೇಟ್ (ಮೆಸೇಜಿನ ಮಾದರಿ) ಮೊದಲೇ ಟೆಲಿಕಾಂ ಕಂಪನಿಗಳ ನೋಂದಣಿ ವೇದಿಕೆ ಡಿಎಲ್‌ಟಿಯಲ್ಲಿ ನೋಂದಣಿಯಾಗಿರಬೇಕು, ಆಮೇಲೆ ಒಂದು ಪದ ಬದಲಿಸಿದರೂ ಮೆಸೇಜ್ ತಡೆದು ನಿಲ್ಲಬಹುದು. ಕಾಗುಣಿತ ಪಕ್ಕಾ ಆಗದೆ ನೋಂದಣಿಗೆ ಬಿಡಬೇಡಿ.

ಇನ್ನು ಆರ್ಟ್‌ವರ್ಕ್. ಡಿಸೈನರ್ ಮರಾಠಿ ಅಥವಾ ಗುಜರಾತಿ ಹುಡುಗ, ಅವನಿಗೆ ಕನ್ನಡ ಬರಿಯ ಚಿತ್ರ. ಪುಟ ಜೋಡಿಸುವ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ (ನಮ್ಮ ಲಿಪಿಗಳನ್ನು ಸರಿಯಾಗಿ ಜೋಡಿಸುವ ಸೆಟ್ಟಿಂಗ್) ಆನ್ ಮಾಡದಿದ್ದರೆ ಒತ್ತಕ್ಷರ ಬಿಚ್ಚಿಕೊಂಡು, ಅರ್ಕಾವತ್ತು ಎಲ್ಲೆಲ್ಲೋ ಕೂರುತ್ತದೆ. ಯುನಿಕೋಡ್ ಫೈಲಿನ ಜೊತೆ ಪಿಡಿಎಫ್ ಕೂಡ ಕಳಿಸಿ, ಅಕ್ಷರ ಹೇಗೆ ಕಾಣಬೇಕು ಅಂತ ಅವನಿಗೆ ತಿಳಿಯಲಿ. ಇಂಗ್ಲಿಷಿನ ಸಾಲಿನ ಅಂತರವನ್ನೇ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಫಾಂಟ್ ಅಳತೆಯ ಒಂದೂವರೆ ಪಟ್ಟು ಅಂತರ ಕೇಳಿ. ವರ್ಡ್ ಫೈಲ್ ನೋಡಿ ಓಕೆ ಹೇಳಬೇಡಿ, ಪ್ರೆಸ್ಸಿಗೆ ಹೋಗುವ ಪಿಡಿಎಫ್ಫೇ ಬೇಕು. ಮುಂಬೈಯ ಕನ್ನಡ ಪತ್ರಿಕೆಗೆ ಹೋಗುವ ಬಿಲ್ಡರ್ ಜಾಹೀರಾತಾದರೆ ಮಹಾರೇರಾ (ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ಪ್ರಾಧಿಕಾರ) ನಂಬರ್ ಇದೆಯೇ ನೋಡಿ, 2023ರ ಆಗಸ್ಟ್‌ನಿಂದ ಕ್ಯೂಆರ್ ಕೋಡ್ ಕೂಡ ಕಡ್ಡಾಯ.

ದುಡ್ಡಿನ ವಿಷಯ. ಅರ್ಧ ಅಡ್ವಾನ್ಸ್ ಮತ್ತು ಪಿಒ (ಪರ್ಚೇಸ್ ಆರ್ಡರ್) ಬರದೆ ಪೆನ್ನು ಎತ್ತಬೇಡಿ. ಕ್ಯಾಂಪೇನ್ ನಿಂತರೂ ಅಡ್ವಾನ್ಸ್ ವಾಪಸ್ಸಿಲ್ಲ ಅಂತ ಬರೆದಿಡಿ. ಕೆಲಸ ಒಪ್ಪಿಕೊಳ್ಳುವ ಮೊದಲೇ ಸಣ್ಣ ಉದ್ದಿಮೆಗಳಿಗಿರುವ ಸರ್ಕಾರಿ 'ಉದ್ಯಮ್' ನೋಂದಣಿ ಮಾಡಿಸಿ, ಅದಕ್ಕೆ ಶುಲ್ಕವಿಲ್ಲ. ಅಂಥ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಒಪ್ಪಂದದಲ್ಲಿ 90 ದಿನ ಅಂತ ಬರೆದಿದ್ದರೂ ಪಾವತಿ 45 ದಿನ ಮೀರುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬಡ್ಡಿ ವಸೂಲಿಗೆ ಹೋಗುವವರು ಕಡಿಮೆ, ಮುಂದಿನ ಕೆಲಸ ಕೈತಪ್ಪುವ ಭಯ ಇದ್ದೇ ಇದೆ. ಆದರೆ ಇನ್‌ವಾಯ್ಸ್ ಮೇಲೆ ಉದ್ಯಮ್ ನಂಬರ್ ಕಂಡರೆ ಅಕೌಂಟ್ಸ್ ವಿಭಾಗದವರು ಫೈಲನ್ನು ಮೇಲಕ್ಕೆ ಎತ್ತಿಡುತ್ತಾರೆ. ಅವಧಿ ಮೀರಿ ಬಾಕಿ ಇಟ್ಟ ಹಣವನ್ನು ಪಾವತಿಸಿದ ವರ್ಷದಲ್ಲಷ್ಟೇ ತೆರಿಗೆ ಲೆಕ್ಕದ ಖರ್ಚಿಗೆ ಹಾಕಬಹುದು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು.

ಹಕ್ಕಿನ ಸಾಲನ್ನೂ ಓದಿ. ನೌಕರಿಯಲ್ಲಿಲ್ಲದವರು ಬರೆದದ್ದರ ಹಕ್ಕು, ಬರವಣಿಗೆಯಲ್ಲಿ ವರ್ಗಾಯಿಸುವ ತನಕ ಬರೆದವರದ್ದೇ. ವರ್ಗಾವಣೆ ಪತ್ರದಲ್ಲಿ ಅವಧಿ ಹೇಳದಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆ ಅದನ್ನು 5 ವರ್ಷ ಎನ್ನುತ್ತದೆ, ಪ್ರದೇಶ ಹೇಳದಿದ್ದರೆ ಭಾರತ. 'ಪೂರ್ತಿ ಹಣ ಸಂದಾಯವಾದ ಮೇಲೆ ಹಕ್ಕು ವರ್ಗಾವಣೆ' ಅಂತ ಸೇರಿಸಿ. ಅವರು ಕಳಿಸಿದ ಕಾಗದದಲ್ಲಿ 'ಶಾಶ್ವತವಾಗಿ, ಜಗತ್ತಿನಾದ್ಯಂತ' ಅಂತ ಇದ್ದರೆ ಸಹಿ ಹಾಕಬಾರದು ಅಂತೇನಿಲ್ಲ, ಆದರೆ ಆಗಿನ ರೇಟ್ ಬೇರೆ.